ಒಂದೇ ಬ್ಯಾಟರಿ, ನಾಲ್ಕು ಅಳತೆ: ವಾರಂಟಿ ಜಗಳದಲ್ಲಿ ಯಾವುದು ನಿಲ್ಲುತ್ತದೆ?

ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಎಷ್ಟು ಸವೆದಿದೆ ಎಂದು ತಿಳಿಯಲು ನಾಲ್ಕು ದಾರಿಗಳಿವೆ. ಇನ್ನೆಷ್ಟು ದೂರ ಓಡಬಹುದು ಎಂದು ಡ್ಯಾಶ್‌ಬೋರ್ಡ್ ತೋರಿಸುವ ರೇಂಜ್, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಡಾಂಗಲ್, ನಾವೇ ಕೂತು ಹಾಕುವ ಯೂನಿಟ್ ಲೆಕ್ಕ, ಸರ್ವೀಸ್ ಸೆಂಟರಿನವರ ವರದಿ. ಒಂದೇ ಕಾರನ್ನು ನಾಲ್ಕೂ ಬಗೆಯಲ್ಲಿ ಅಳೆದರೆ ನಾಲ್ಕು ಉತ್ತರ ಬರುತ್ತದೆ. ಬಂದರೆ ಬರಲಿ ಎನ್ನಬಹುದಿತ್ತು, ಆದರೆ ವಾರಂಟಿ ಕೇಳಲು ಹೋದ ದಿನ ಇಡೀ ಜಗಳ ನಿಲ್ಲುವುದು ಯಾರ ಅಳತೆ ಸರಿ ಎಂಬುದರ ಮೇಲೇ.

ನಾನು ಇವನ್ನು ಎರಡು ಕಾರುಗಳ ಮೇಲೆ ಪ್ರಯೋಗಿಸಿದ್ದೇನೆ. ಒಂದು ಬೆಂಗಳೂರಿನಲ್ಲಿರುವ ನನ್ನ ಕಾರು, ಎನ್‌ಎಂಸಿ ಬ್ಯಾಟರಿಯದು, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಇನ್ನೊಂದು ಕಲಬುರಗಿಯಲ್ಲಿರುವ ಭಾವನವರದು, ಎಲ್‌ಎಫ್‌ಪಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟಿನದು. ಕಂಪನಿಗಳ ಹೆಸರು ಇಲ್ಲಿ ಬೇಡ. ಊರು ಬೇರೆ, ಬಿಸಿಲು ಬೇರೆ, ಓಡಿಸುವ ಕೈ ಬೇರೆ, ಹಾಗಾಗಿ ಇದು ಕಾರುಗಳ ಸ್ಪರ್ಧೆಯಲ್ಲ, ಅಳತೆಗಳ ಸ್ಪರ್ಧೆ.

ಡ್ಯಾಶ್‌ಬೋರ್ಡಿನ ರೇಂಜಿನ ವಿಷಯ ಬೇಗ ಮುಗಿಸುತ್ತೇನೆ. ಅದು ಅಳತೆಯೇ ಅಲ್ಲ, ಅಂದಾಜು. ಹಿಂದಿನ ಕೆಲವು ಕಿಲೋಮೀಟರ್ ಹೇಗೆ ಓಡಿಸಿದಿರೋ ಅದನ್ನೇ ಮುಂದಕ್ಕೆ ಎಳೆದು ಹೇಳುತ್ತದೆ. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯಲ್ಲಿ ನೋಡಿದರೆ ಬ್ಯಾಟರಿಗೆ ಮರುಜನ್ಮ ಬಂದಂತೆ ಕಾಣುತ್ತದೆ. ಅದೇ ಕಾರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಏಸಿ ಹಾಕಿ ಓಡಿದ ಮೇಲೆ ಮುದಿಯಾದಂತೆ ಕಾಣುತ್ತದೆ. ಸರ್ವೀಸ್ ಸೆಂಟರಿಗೆ ಹೋಗಿ "ಮೊದಲು ಇಷ್ಟು ತೋರಿಸ್ತಿತ್ತು, ಈಗ ಇಷ್ಟೇ ತೋರಿಸ್ತಿದೆ" ಅಂದರೆ "ಡ್ರೈವಿಂಗ್ ಸ್ಟೈಲ್ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೇಸರದ ಸಂಗತಿ ಏನೆಂದರೆ, ಈ ಒಂದು ವಿಷಯದಲ್ಲಿ ಅವರು ಹೇಳುವುದು ಸರಿ.

ಓಬಿಡಿ ಡಾಂಗಲ್ಲಿನ ಕಥೆ ಬೇರೆ. ಸ್ಟೇರಿಂಗಿನ ಕೆಳಗಿನ ಪೋರ್ಟಿಗೆ ಸಿಕ್ಕಿಸಿ, ಫೋನಿಗೆ ಬ್ಲೂಟೂತ್ ಜೋಡಿಸಿ, ಆ್ಯಪ್ ತೆರೆದರೆ ಎಸ್‌ಒಎಚ್ ಎಂಬ ಶೇಕಡಾವಾರು ಸಂಖ್ಯೆ ಸಿಗುತ್ತದೆ, ಅಂದರೆ ಬ್ಯಾಟರಿಯ ಆರೋಗ್ಯ. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಆ ಸಂಖ್ಯೆಯೂ ನೇರ ಅಳತೆಯಲ್ಲ, ಬ್ಯಾಟರಿಯನ್ನು ಕಾಯುವ ಕಂಪ್ಯೂಟರ್, ಅಂದರೆ ಬಿಎಂಎಸ್, ತನ್ನ ಸೂತ್ರದಿಂದ ಕಟ್ಟಿದ ಲೆಕ್ಕ. ಆ ಸೂತ್ರ ಕಂಪನಿಯದು. ನಮ್ಮ ಎರಡು ಕಾರುಗಳಲ್ಲಿ ಒಂದರದು ತಿಂಗಳುಗಟ್ಟಲೆ ಅಲುಗಾಡದೆ ಇದ್ದು, ಒಂದು ಸಾಫ್ಟ್‌ವೇರ್ ಅಪ್‌ಡೇಟಿನ ಮರುದಿನ ಬದಲಾಯಿತು. ರಾಸಾಯನಿಕ ಸವೆತ ಒಂದು ರಾತ್ರಿಯಲ್ಲಿ ಹಾಗೆ ಹಾರುವುದಿಲ್ಲ.

ಡಾಂಗಲ್ಲಿನ ನಿಜವಾದ ಬೆಲೆ ಇರುವುದು ಸೆಲ್ ವೋಲ್ಟೇಜಿನ ಪಟ್ಟಿಯಲ್ಲಿ. ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಅತಿ ದುರ್ಬಲ ಸೆಲ್ ಖಾಲಿಯಾದ ಕ್ಷಣವೇ ಕಾರು ಸಾಕು ಅನ್ನುತ್ತದೆ, ಉಳಿದವುಗಳಲ್ಲಿ ಕರೆಂಟ್ ಇದ್ದರೂ. ಆದ್ದರಿಂದ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ನಡುವಿನ ಅಂತರ ನೋಡಬೇಕು, ಅದೂ ಚಾರ್ಜ್ ಕೆಳಗಿಳಿದಾಗ, ಆ್ಯಕ್ಸಿಲರೇಟರ್ ಒತ್ತಿದಾಗ. ನಿಂತ ಕಾರಿನಲ್ಲಿ ಎಲ್ಲ ಸೆಲ್‌ಗಳೂ ಒಳ್ಳೆಯ ಮಕ್ಕಳೇ.

ಎರಡು ಬಗೆಯ ಬ್ಯಾಟರಿಗಳು ಬೇರೆಯಾಗುವುದೂ ಇಲ್ಲೇ. ಎನ್‌ಎಂಸಿ ಸೆಲ್ಲಿನ ವೋಲ್ಟೇಜ್ ತುಂಬಿದಾಗ 4.2ರ ಆಸುಪಾಸು, ಖಾಲಿಯಾಗುತ್ತಾ ಕ್ರಮವಾಗಿ ಇಳಿಯುತ್ತದೆ. ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಉಳಿದಿದೆ ಎಂದು ಹೇಳಬಹುದು. ಎಲ್‌ಎಫ್‌ಪಿ ಹಾಗಲ್ಲ. ಮಧ್ಯದ ದೊಡ್ಡ ಭಾಗದುದ್ದಕ್ಕೂ 3.2, 3.3 ವೋಲ್ಟಿನಲ್ಲೇ ಚಪ್ಪಟೆಯಾಗಿ ನಡೆಯುತ್ತದೆ. 70 ಶೇಕಡಾ ಇದೆಯೋ 40 ಇದೆಯೋ ಬಿಎಂಎಸ್‌ಗೂ ವೋಲ್ಟೇಜಿನಿಂದ ಸರಿಯಾಗಿ ಗೊತ್ತಾಗುವುದಿಲ್ಲ. ಒಳಹೋದ, ಹೊರಬಂದ ಕರೆಂಟನ್ನು ಎಣಿಸಿಕೊಂಡು ಸಾಗುತ್ತದೆ, ಎಣಿಕೆ ನಿಧಾನವಾಗಿ ದಾರಿ ತಪ್ಪುತ್ತದೆ. ಭಾವನವರ ಕಾರಿನಲ್ಲಿ ಆಗಿದ್ದು ಇದೇ. 20 ಶೇಕಡಾ ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಒಂದಂಕಿಗೆ ಬೀಳುತ್ತಿತ್ತು. "ಬ್ಯಾಟರಿ ಹೋತು, ವಾರಂಟಿ ಕೇಳೂಣು" ಅಂತ ಅವರು ಹೊರಟೇಬಿಟ್ಟಿದ್ದರು. ಮನೆಯಲ್ಲಿ ಕೆಲವು ಸಲ ನಿಧಾನ ಚಾರ್ಜರಿನಲ್ಲಿ 100ಕ್ಕೆ ತುಂಬಿಸಿ, ತುಂಬಿದ ಮೇಲೂ ಪ್ಲಗ್ಗಿನಲ್ಲೇ ಬಿಟ್ಟದ್ದಕ್ಕೆ ಎಣಿಕೆ ಮತ್ತೆ ಹಳಿಗೆ ಬಂತು. ಸವೆದದ್ದು ಬ್ಯಾಟರಿಯಲ್ಲ, ಅದರ ಲೆಕ್ಕದ ಪುಸ್ತಕ. ಎಲ್‌ಎಫ್‌ಪಿ ಕಾರನ್ನು ಆಗಾಗ 100ಕ್ಕೆ ತುಂಬಿಸಿ ಎಂದು ಕಂಪನಿಗಳು ಹೇಳುವುದಕ್ಕೆ ಮುಖ್ಯ ಕಾರಣ ಇದು. ಎನ್‌ಎಂಸಿಗೆ ಈ ಉಪದೇಶ ಹಾಕಬೇಡಿ, ದಿನನಿತ್ಯಕ್ಕೆ 80ರ ಸುತ್ತ ನಿಲ್ಲಿಸುವುದು ಅದಕ್ಕೆ ಹಿತ. ಪೂರ್ತಿ ತುಂಬಿಸಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಿದರೆ, ಓಡಿಸದಿದ್ದರೂ ಅದು ಸವೆಯುತ್ತದೆ.

ಈಗ ಯೂನಿಟ್ ಲೆಕ್ಕ, ನನ್ನ ಮೆಚ್ಚಿನದು. 100ಕ್ಕೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 20ಕ್ಕೆ ಇಳಿಯುವವರೆಗೆ ಓಡಿಸಬೇಕು. ಕಾರು 200 ಕಿ.ಮೀ. ಓಡಿದೆ, ಸರಾಸರಿ 100 ಕಿ.ಮೀ.ಗೆ 14 ಯೂನಿಟ್ ತಿಂದಿದೆ ಎಂದುಕೊಳ್ಳಿ. ಒಟ್ಟು 28 ಯೂನಿಟ್ ಆಯಿತು. ಇದು 80 ಶೇಕಡಾ, ಪೂರ್ತಿಯಾದರೆ 35. ಹೊಸದರಲ್ಲಿ 40 ಯೂನಿಟ್ ಬರುತ್ತಿದ್ದರೆ ಈಗ ಉಳಿದಿರುವುದು 87.5 ಶೇಕಡಾ. ಇದಕ್ಕೆ ಕಾಗದ ಪೆನ್ನು ಸಾಕು, ಡಾಂಗಲ್ ಬೇಡ.

ಆದರೆ ಆ "ಹೊಸದರಲ್ಲಿ 40" ಎಲ್ಲಿಂದ ಬಂತು ಎಂಬ ಪ್ರಶ್ನೆ ಇದೆ. ಬ್ರೋಷರಿನಿಂದ ಎತ್ತಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಅಲ್ಲಿ ಬರೆಯುವುದು ಅನೇಕ ಸಲ ಪ್ಯಾಕಿನ ಒಟ್ಟು ಸಾಮರ್ಥ್ಯ. ಮೇಲೆ ಕೆಳಗೆ ಸ್ವಲ್ಪವನ್ನು ಕಂಪನಿ ಬಚ್ಚಿಟ್ಟಿರುತ್ತದೆ, ಬಳಸಲು ಸಿಗುವುದು ಅದಕ್ಕಿಂತ ಕಡಿಮೆ. ಹಾಗಾಗಿ ಕಾರು ಹೊಸದಿದ್ದಾಗಲೇ ಇದೇ ಪರೀಕ್ಷೆ ಮಾಡಿ ಓಡೋಮೀಟರಿನ ಫೋಟೋ ಸಮೇತ ಬರೆದಿಡಬೇಕು. ಗೋಡೆಯ ಮೀಟರಿನ ಯೂನಿಟ್ಟನ್ನೂ ನಂಬಬಾರದು, ಮನೆಯ ಚಾರ್ಜಿಂಗಿನಲ್ಲಿ ಹತ್ತು ಹದಿನೈದು ಶೇಕಡಾ ಬ್ಯಾಟರಿ ಸೇರುವ ಮೊದಲೇ ಬಿಸಿಯಾಗಿ ಹೋಗುತ್ತದೆ. ಫಾಸ್ಟ್ ಚಾರ್ಜರಿನ ಬಿಲ್ಲು ಇದಕ್ಕಿಂತ ವಾಸಿ.

ಈ ಲೆಕ್ಕದ ಪ್ರಕಾರ ನಮ್ಮ ಇಬ್ಬರಲ್ಲಿ ಹೆಚ್ಚು ಸವೆದದ್ದು ಬೆಂಗಳೂರಿನ ಕಾರು, ಕಲಬುರಗಿಯದಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನ ಬ್ಯಾಟರಿ ಗಟ್ಟಿಯಾಗಿದೆ. ಎಲ್‌ಎಫ್‌ಪಿ ಹೆಚ್ಚು ಸಲ ಚಾರ್ಜ್ ತಾಳಿಕೊಳ್ಳುವುದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಕಾರಿನೊಳಗೇ ಇತ್ತು, ಅದಕ್ಕೆ ಬರುತ್ತೇನೆ.

ನಾಲ್ಕನೆಯದು ಸರ್ವೀಸ್ ಸೆಂಟರಿನ ವರದಿ. ಮೊದಲ ಸಲ ನನಗೆ ಕೊಟ್ಟ ಹಾಳೆಯಲ್ಲಿ ಸಂಖ್ಯೆಯೇ ಇರಲಿಲ್ಲ, "ಓಕೆ" ಎಂದಷ್ಟೇ ಇತ್ತು. ಸಂಖ್ಯೆ ಬೇಕು, ಈಮೇಲಿನಲ್ಲಿ ಬೇಕು ಎಂದು ಪಟ್ಟು ಹಿಡಿದ ಮೇಲೆ 81 ಎಂದು ಬಂತು. ನನ್ನ ಯೂನಿಟ್ ಲೆಕ್ಕ 74ರ ಹತ್ತಿರ ಹೇಳುತ್ತಿತ್ತು. ವಾರಂಟಿ ಪುಸ್ತಕದ ಗೆರೆ 70, ಅದಕ್ಕಿಂತ ಕೆಳಗಿಳಿದರೆ ಮಾತ್ರ ವಾರಂಟಿ. ಅಂದರೆ ನಾನೇ ಸರಿ ಎಂದು ಸಾಬೀತು ಮಾಡಿದರೂ ಏನೂ ಸಿಗುತ್ತಿರಲಿಲ್ಲ! ಅದೂ ಅಲ್ಲದೆ ಆ 70ನ್ನು ಅಳೆಯುವ ಯಂತ್ರ, ಸೂತ್ರ, ಅಳೆಯುವವನು, ಮೂರೂ ಕಂಪನಿಯದೇ.

ಇದು ನಮ್ಮಲ್ಲಿ ಮಾತ್ರದ ಪಾಡಲ್ಲ. ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. 2012ರಲ್ಲಿ ಅಮೆರಿಕದ ಅರಿಜೋನದ ಬಿಸಿಲಿನಲ್ಲಿ ಮಾಲೀಕರು ದೂರಿದರು, ಕೋರ್ಟಿಗೆ ಹೋದರು. ಕಂಪನಿ ಸಾಮರ್ಥ್ಯಕ್ಕೂ ವಾರಂಟಿ ಕೊಡಲು ಒಪ್ಪಿತು: 5 ವರ್ಷ ಅಥವಾ 60,000 ಮೈಲಿಯೊಳಗೆ ಬ್ಯಾಟರಿಯ ಸಾಮರ್ಥ್ಯ ತೋರಿಸುವ ಡ್ಯಾಶ್‌ಬೋರ್ಡಿನ 12 ಗೆರೆಪಟ್ಟಿಗಳಲ್ಲಿ 9ಕ್ಕಿಂತ ಕಡಿಮೆಯಾದರೆ ರಿಪೇರಿ. ಆ ಪಟ್ಟಿಗಳೂ ಸಮನಲ್ಲ. ಮೊದಲನೆಯದು ಹೋಗಲು 15 ಶೇಕಡಾ ಸವೆಯಬೇಕು, ಮುಂದಿನವು ತಲಾ 6.25. ನಾಲ್ಕು ಪಟ್ಟಿ ಹೋಗುವ ಹೊತ್ತಿಗೆ ಮೂರನೇ ಒಂದು ಭಾಗ ಬ್ಯಾಟರಿ ಇಲ್ಲವಾಗಿರುತ್ತದೆ. ಟೆಸ್ಲಾದಲ್ಲಿ 2019ರ ಒಂದು ಅಪ್‌ಡೇಟ್ ಕೆಲವು ಮಾಡೆಲ್ ಎಸ್ ಕಾರುಗಳ ಗರಿಷ್ಠ ವೋಲ್ಟೇಜನ್ನೇ ತಗ್ಗಿಸಿತು, ಅಂದರೆ ಬ್ಯಾಟರಿ ಮೊದಲಿನಷ್ಟು ತುಂಬದಂತಾಯಿತು. 1,743 ಕಾರುಗಳ ಆ ವ್ಯಾಜ್ಯ 2021ರಲ್ಲಿ 15 ಲಕ್ಷ ಡಾಲರಿಗೆ ರಾಜಿಯಾಯಿತು. 2022ರಲ್ಲಿ ವಿಶ್ವಸಂಸ್ಥೆಯ ವಾಹನ ವೇದಿಕೆ ಒಪ್ಪಿದ 22ನೇ ಜಾಗತಿಕ ನಿಯಮ 5 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ 80 ಶೇಕಡಾ, 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ 70 ಶೇಕಡಾ ಉಳಿದಿರಬೇಕು ಎನ್ನುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ: ಕಾರು ತೋರಿಸುವ ಆರೋಗ್ಯದ ಸಂಖ್ಯೆ ನಿಜವೇ ಎಂದು ಪರೀಕ್ಷೆ ಮಾಡಿ ನೋಡಬೇಕೆಂಬ ಷರತ್ತು.

ಇದನ್ನೆಲ್ಲ ಓದುವಾಗ ನಮ್ಮ ಬೆಂಗಳೂರಿನ ರೇವಾ ನೆನಪಾಗುತ್ತದೆ. 2001ರ ಆ ಪುಟ್ಟ ಕಾರಿಗೆ ಲೆಡ್ ಆ್ಯಸಿಡ್ ಬ್ಯಾಟರಿ. ಕೆಲವು ವರ್ಷಕ್ಕೆ ಸಾಯುತ್ತದೆ, ಬದಲಿಸಬೇಕು ಎಂದು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಶೇಕಡಾವಾರಿನ ಗೋಜೇ ಇರಲಿಲ್ಲ.

ನನ್ನ ಜಗಳ ಬಗೆಹರಿದದ್ದು ಶೇಕಡಾ ಬಿಟ್ಟು ಇನ್ನೊಂದು ಕಲಮು ಹಿಡಿದಾಗ. ವಾರಂಟಿ ಪುಸ್ತಕದಲ್ಲಿ ಎರಡು ಮಾತು ಬೇರೆ ಬೇರೆ ಇರುತ್ತವೆ: ಸಹಜ ಸವೆತ ಒಂದು, ವಸ್ತು ಅಥವಾ ತಯಾರಿಕೆಯ ದೋಷ ಇನ್ನೊಂದು. ಡಾಂಗಲ್ಲಿನ ಪಟ್ಟಿಯಲ್ಲಿ ಒಂದೇ ಒಂದು ಸೆಲ್, ಚಾರ್ಜ್ ಕಡಿಮೆಯಾದಾಗಲೆಲ್ಲ, ಉಳಿದವನ್ನು ಬಿಟ್ಟು ದಡದಡನೆ ಇಳಿಯುತ್ತಿತ್ತು. ಎಲ್ಲವೂ ಒಟ್ಟಿಗೆ ಮುದಿಯಾದರೆ ಸವೆತ. ಒಂದೇ ಬಿದ್ದರೆ ಅದು ದೋಷ. "ಡಾಂಗಲ್ ಹಾಕಿದ್ದರಿಂದಲೇ ಹೀಗಾಗಿರಬಹುದು" ಎಂಬ ಮಾತೂ ಬಂತು. "ಹಾಗಾದರೆ ನಿಮ್ಮ ಯಂತ್ರವನ್ನೇ ಹಾಕಿ, 15 ಶೇಕಡಾಗೆ ಇಳಿಸಿ ಅದೇ ಸೆಲ್ ನೋಡಿ" ಎಂದು ಬರೆದೆ. ನೋಡಿದರು. ಆ ಸೆಲ್ ಇದ್ದ ಮಾಡ್ಯೂಲನ್ನು, ಅಂದರೆ ಸೆಲ್‌ಗಳ ಗುಂಪನ್ನು, ಬದಲಿಸಿಕೊಟ್ಟರು, ವಾರಂಟಿಯ ಅವಧಿ ಮಾತ್ರ ಹಳೆಯ ದಿನಾಂಕದಿಂದಲೇ.

ಹೀಗಾಗಿ ನನ್ನ ತೀರ್ಪು: ಏನಾಗಿದೆ ಎಂದು ತಿಳಿಯಲು ಡಾಂಗಲ್, ಎಷ್ಟು ಹೋಗಿದೆ ಎಂದು ತಿಳಿಯಲು ಯೂನಿಟ್ ಲೆಕ್ಕ. ಕಂಪನಿ ಒಪ್ಪುವುದು ತನ್ನ ವರದಿಯನ್ನಷ್ಟೇ, ಆದ್ದರಿಂದ ಮೊದಲೆರಡರ ಕೆಲಸ ಆ ವರದಿಯಲ್ಲಿ ಯಾವುದನ್ನು ಅಳೆಯಬೇಕು ಎಂದು ತೋರಿಸಿಕೊಡುವುದು.

ಹೊಸ ಕಾರು ಕೊಳ್ಳುವವರಿಗೆ ವಾರಂಟಿಯ ಬಗೆಗಳೂ ಈಗ ಹೆಚ್ಚಿವೆ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಎಂಬುದು ಹಳೆಯ ರೂಢಿ. 2024ರಿಂದ ಎಂಜಿ ವಿಂಡ್ಸರ್, ಮಹೀಂದ್ರದ ಹೊಸ ಎಲೆಕ್ಟ್ರಿಕ್ ಎಸ್‌ಯುವಿಗಳು, ಆಮೇಲೆ ಟಾಟಾದ ಹ್ಯಾರಿಯರ್ ಇವಿ, ಬ್ಯಾಟರಿಗೆ ಜೀವಮಾನದ ವಾರಂಟಿ ಎನ್ನುತ್ತಿವೆ. ಜೀವಮಾನ ಎಂದರೆ ಮೊದಲ ಮಾಲೀಕನ ಮಟ್ಟಿಗೆ. ಕಾರು ಕೈ ಬದಲಾದರೆ ಮತ್ತೆ ವರ್ಷ ಮತ್ತು ಕಿಲೋಮೀಟರಿನ ಮಿತಿಗೆ ಇಳಿಯುತ್ತದೆ. ವಿಂಡ್ಸರ್‌ನಲ್ಲಿ ಬ್ಯಾಟರಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ದಾರಿಯೂ ಇದೆ. ದಿನಾ ಓಡಿಸುವವನಿಗೆ ಆ ಬಾಡಿಗೆ ಪೆಟ್ರೋಲಿನಂತೆ ಮುಗಿಯದ ಖರ್ಚು, ನನಗೆ ಒಗ್ಗದು.

ಮಾತಿಗೆ ಬಗ್ಗದಿದ್ದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ನೀವು ತೆತ್ತ ಹಣ 50 ಲಕ್ಷದವರೆಗಿದ್ದರೆ ಅಲ್ಲೇ ದೂರು. 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ಸಮಸ್ಯೆ ಎದ್ದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಹಾಗಾಗಿ ಮೊದಲ ದೂರು ಬಾಯಲ್ಲಿ ಹೇಳದೆ ಈಮೇಲಿನಲ್ಲಿ ಕಳಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಪರೀಕ್ಷೆ ಇಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗ ವಸ್ತುವನ್ನು ಲ್ಯಾಬಿಗೆ ಕಳಿಸಬಹುದು. ಅಳತೆ ಕಂಪನಿಯ ಕೈಯಿಂದ ಹೊರಬರುವ ಬಾಗಿಲು ಅದೊಂದೇ.

ಭಾವನವರ ಕಾರನ್ನು ಕೊಳ್ಳಲು ಈಗ ಸೇಡಂನವರೊಬ್ಬರು ಬಂದಿದ್ದಾರೆ. ಅವರು ಕೇಳಿದ್ದು ಕಿಲೋಮೀಟರ್ ಎಷ್ಟಾಗಿದೆ, ಟೈರ್ ಹೇಗಿದೆ ಎಂದು. ನಾನು ಯೂನಿಟ್ ಲೆಕ್ಕದ ಹಾಳೆ ಮತ್ತು ಸೆಲ್ ಪಟ್ಟಿಯ ಫೋಟೋ ಕಳಿಸಿ, ವಾರಂಟಿ ತಮ್ಮ ಹೆಸರಿಗೆ ವರ್ಗವಾಗುವುದನ್ನು ಕಂಪನಿಯಿಂದ ಬರಹದಲ್ಲಿ ತೆಗೆದುಕೊಂಡ ಮೇಲೇ ಅಡ್ವಾನ್ಸ್ ಕೊಡಿ ಎಂದೆ. "ನೀ ಯಾರ ಕಡೀಗಿದ್ದೀಯೋ?" ಅಂತ ಭಾವ ಫೋನ್ ಮಾಡಿ ಬೈದರು.