ಕೆಜಿ ಲೆಕ್ಕದ ದಾರ, ತುಂಬಿಟ್ಟ ಬಾಬಿನ್: ಪರೀಕ್ಷೆ ಮಾಡದೆ ತರಬೇಡಿ

ಬಳ್ಳಾರಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಅಕ್ಕ-ತಂಗಿಯರು ದಯವಿಟ್ಟು ಇದನ್ನು ಓದಿ. ಜೀನ್ಸ್ ಯೂನಿಟ್‌ಗಳಲ್ಲಿ ಉಳಿದ ದಾರ ಅಂತ ಕೋನ್‌ಗಳನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಜೊತೆಗೆ ದಾರ ತುಂಬಿದ ಬಾಬಿನ್‌ಗಳನ್ನೂ, ಅಂದರೆ ಮಷಿನ್‌ನ ಕೆಳಗಿನ ದಾರ ಸುತ್ತಿಡುವ ಸಣ್ಣ ಉರುಳೆಗಳನ್ನೂ, ಡಬ್ಬಿಗಟ್ಟಲೆ ಕೊಡುತ್ತಾರೆ. ಅಗ್ಗ ಅಂತ ಹಾಗೇ ತುಂಬಿಸಿಕೊಂಡು ಬರಬೇಡಿ. ನನಗಾದ ನಷ್ಟ ನಿಮಗೆ ಆಗಬಾರದು.

ನಮ್ಮೂರಲ್ಲಿ ಈ ವ್ಯಾಪಾರ ಇರುವುದು ಸಹಜವೇ. ಜೀನ್ಸ್ ಕೆಲಸ ಇಲ್ಲಿ ಎಷ್ಟೋ ಕಡೆ ಹಂಚಿಹೋಗಿದೆ. ಕಟಿಂಗ್ ಒಂದು ಕಡೆ, ಹೊಲಿಗೆ ಗಲ್ಲಿಗಲ್ಲಿಯ ಮನೆಗಳಲ್ಲಿ, ವಾಷಿಂಗ್ ಇನ್ನೊಂದು ಕಡೆ. ದಾರದ ಬಣ್ಣ ಬದಲಾಯಿಸಿದಾಗಲೆಲ್ಲ ಅರ್ಧ ಕೋನ್, ಅರ್ಧ ಬಾಬಿನ್ ಉಳಿದೇ ಉಳಿಯುತ್ತದೆ. ಅದನ್ನು ಮಾರುವುದು ತಪ್ಪಲ್ಲ. ಒಳ್ಳೆ ದಾರವನ್ನೇ ಕೊಡುವವರೂ ಇದ್ದಾರೆ. ನನಗೆ ಮಾರಿದವರು ಮಾತ್ರ ಎಂದಿನದೋ ಹಳೇ ಸರಕನ್ನು "ಮೊನ್ನೆ ಬಂದ ಮಾಲು ಅಕ್ಕಾ, ಕಣ್ಣು ಮುಚ್ಚಿ ಒಯ್ರಿ" ಅಂತ ಕೊಟ್ಟು ಕಳಿಸಿದರು.

ಆಗ ಶಾಲೆ ಶುರುವಾಗುವ ಸಮಯ. ಯೂನಿಫಾರ್ಮ್‌ಗಳ ಜೊತೆ ಕೆಲವು ಜಂಪರ್‌ಗಳನ್ನೂ (ರವಿಕೆ) ಆ ಬಾಬಿನ್‌ಗಳಲ್ಲೇ ಹೊಲಿದೆ. ಹೊಲಿಗೆ ನೋಡಲು ನೀಟಾಗೇ ಇತ್ತು. ಒಂದೆರಡು ಸಲ ಒಗೆದ ಮೇಲೆ ಬಟ್ಟೆಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ಒಬ್ಬ ಹುಡುಗನ ಚಡ್ಡಿ ಶಾಲೆಯಲ್ಲೇ ಹಿಂದೆ ಬಿಚ್ಚಿಕೊಂಡಿತ್ತು. "ಎಲ್ಲಾರೂ ನಕ್ಕಾರಂತ. ಅಳ್ಕೋತ ಮನಿಗೆ ಬಂದಾನ್ರಿ ಅಕ್ಕಾ" ಅಂದರು ಅವನ ತಾಯಿ. ಬಟ್ಟೆ ಹೋದರೆ ಮತ್ತೆ ಹೊಲಿದು ಕೊಡಬಹುದು. ಆ ಮಗುವಿಗೆ ಆದ ಅವಮಾನಕ್ಕೆ ಏನು ಕೊಡುವುದು?

ಆ ಚಡ್ಡಿಯನ್ನು ತಿರುವಿ ಹಾಕಿ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ದಾರಕ್ಕೆ ಏನೂ ಆಗಿರಲಿಲ್ಲ. ತುದಿ ಹಿಡಿದು ಎಳೆದರೆ ಇಡೀ ಉದ್ದ ಒಂದೇ ಎಳೆಯಾಗಿ ಎದ್ದು ಬಂತು. ಕೆಳಗಿನ ದಾರ ಮಾತ್ರ ಶಾವಿಗೆ ಮುರಿದಂತೆ ಚೂರುಚೂರಾಗಿತ್ತು. ಬೆರಳಲ್ಲಿ ಉಜ್ಜಿದರೆ ಸಣ್ಣ ಧೂಳು ಹತ್ತಿತು.

ಮಷಿನ್ ಹೊಲಿಗೆಯಲ್ಲಿ ಸೂಜಿಯ ದಾರವೂ ಬಾಬಿನ್ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಂದು ತುಂಡಾದರೆ ಇನ್ನೊಂದಕ್ಕೆ ಹಿಡಿತವೇ ಇಲ್ಲ. ಸೂಜಿಯ ದಾರ ಕೆಟ್ಟದ್ದಾದರೆ ಹೊಲಿಯುವಾಗಲೇ ಪಟಪಟ ಹರಿದು ಗೊತ್ತಾಗುತ್ತದೆ, ಅದು ಅಷ್ಟು ಎಳೆತ ತಿನ್ನುತ್ತದೆ. ಬಾಬಿನ್ ದಾರಕ್ಕೆ ಅಷ್ಟು ಎಳೆತ ಇಲ್ಲ. ಸುಮ್ನೆ ಹೊಲಿಸಿಕೊಂಡು ಹೋಗಿ, ಆಮೇಲೆ ಗಿರಾಕಿ ಮೈಮೇಲೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಬಾಬಿನ್ ದಾರದ ಬಗ್ಗೆ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಅಂಗಡಿಗೆ ಹೋಗಿ ತೋರಿಸಿದರೆ "ದಾರಕ್ಕೇನಾಗೇತಿ? ನಿಮ್ಮ ಮಷಿನ್ ತೋರಿಸ್ರಿ" ಅಂದರು. ಬಿಲ್ ಕೊಟ್ಟಿರಲಿಲ್ಲ. ದುಡ್ಡೂ ಬರಲಿಲ್ಲ.

ಉಳಿದ ಬಾಬಿನ್‌ಗಳನ್ನು ಬಿಚ್ಚಿದಾಗ ಇನ್ನಷ್ಟು ಮೋಸ ಕಂಡಿತು. ಹಳೇ ದಾರದ ಮೇಲೆ ಬೇರೆ ದಾರ ಸುತ್ತಿ ತುಂಬಿದ್ದರು. ಮಧ್ಯೆ ಮಧ್ಯೆ ಗಂಟು. ಗಂಟು ಬಾಬಿನ್ ಕೇಸಿನ (ಬಾಬಿನ್ ಕೂರಿಸುವ ಲೋಹದ ಗೂಡು) ದಾರ ಒತ್ತಿ ಹಿಡಿಯುವ ಪತ್ತಿಯಡಿ ಸಿಕ್ಕಿಕೊಂಡರೆ ಹೊಲಿಗೆ ಅಲ್ಲೇ ಬಿಗಿದು ಬಟ್ಟೆ ಸುಕ್ಕಾಗುತ್ತದೆ. ಕೆಲವು ಅಲ್ಯೂಮಿನಿಯಂ ಬಾಬಿನ್‌ಗಳ ಅಂಚು ಬಗ್ಗಿತ್ತು. ಅಂಥದ್ದು ಕೇಸಿನೊಳಗೆ ಓಲಾಡುತ್ತದೆ, ದಾರದ ಬಿಗಿ (ಟೆನ್ಷನ್) ಒಂದೇ ಸಮ ನಿಲ್ಲುವುದಿಲ್ಲ. ಯೂನಿಟ್‌ಗಳಲ್ಲಿ ಬಳಸುವ ಪವರ್ ಮಷಿನ್‌ನ ಬಾಬಿನ್‌ಗಳೂ ಸೇರಿದ್ದವು. ಅಗಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಣ್ಣಿಗೆ ಮೋಸ. ಮನೆ ಮಷಿನ್‌ಗಳಲ್ಲಿ ಹೆಚ್ಚಿನವುಗಳ ಬಾಬಿನ್ ಸುಮಾರು 11.5 ಮಿ.ಮೀ. ಎತ್ತರ, ಪವರ್ ಮಷಿನ್‌ನದು ಸುಮಾರು 9 ಮಿ.ಮೀ. ನಿಮ್ಮದೊಂದು ಬಾಬಿನ್ ಒಯ್ದು ಪಕ್ಕದಲ್ಲಿಟ್ಟು ನೋಡಿ.

ದಾರದ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ. ಗೇಣುದ್ದ ದಾರ ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಒಳ್ಳೆ ಪಾಲಿಯೆಸ್ಟರ್ ದಾರ ಬೆರಳಿಗೆ ಕೊರೆಯುತ್ತದೆ, ಬೇಗ ಹರಿಯುವುದಿಲ್ಲ. ಕೆಟ್ಟದ್ದು ಟಪ್ ಅಂತ ಹೋಗುತ್ತದೆ. ಕೋನ್‌ನ ಹೊರಗಿನ ಸುತ್ತು ಮಾತ್ರ ನೋಡಿದರೆ ಸಾಲದು, ಸ್ವಲ್ಪ ಬಿಚ್ಚಿಸಿ ಒಳಗಿನದನ್ನೂ ಜಗ್ಗಿ. ಅಂಗಡಿಯವರು ಬಿಚ್ಚಬೇಡಿ ಅಂದರೆ ಆ ಅಂಗಡಿಯೇ ಬೇಡ. ದಾರದ ದಪ್ಪ ತಿಳಿಸುವ ಟಿಕೆಟ್ ನಂಬರ್ ಇರುವ ಚೀಟಿಯನ್ನೂ ಕೋನ್ ಮೇಲೆ ಹುಡುಕಿ. ನಂಬರ್ ಜಾಸ್ತಿ ಆದಷ್ಟು ದಾರ ತೆಳ್ಳಗೆ. ಅಂಗಿ, ಜಂಪರ್‌ಗೆ ಸಾಮಾನ್ಯವಾಗಿ 120 ಬಳಸುತ್ತೇವೆ. ಜೀನ್ಸ್ ಮೇಲ್ಹೊಲಿಗೆಯ 30, 36ರ ದಪ್ಪ ದಾರ ತಂದರೆ ಜಂಪರ್‌ಗೆ ಬರುವುದಿಲ್ಲ.

ಒಳ್ಳೆ ದಾರವೂ ನಮ್ಮ ಬಳ್ಳಾರಿ ಬಿಸಿಲಲ್ಲಿ ಕೆಡುತ್ತದೆ, ಕಾಟನ್ ದಾರವಂತೂ ಇನ್ನೂ ಬೇಗ. ಬಾಬಿನ್‌ಗಳನ್ನು ಕಿಟಕಿ ಹತ್ತಿರ ಇಡಬೇಡಿ, ಮುಚ್ಚಳದ ಡಬ್ಬಿಯಲ್ಲಿಡಿ. ಸುತ್ತುವಾಗ ಅಂಚಿನವರೆಗೂ ತುಂಬಬೇಡಿ. ಪಾಲಿಯೆಸ್ಟರ್ ದಾರವನ್ನು ಜೋರಾಗಿ ಎಳೆದು ಸುತ್ತಬೇಡಿ. ಹಿಗ್ಗಿದ ದಾರ ಹೊಲಿದ ಮೇಲೆ ಕುಗ್ಗಿ ಬಟ್ಟೆಯನ್ನು ಸುಕ್ಕು ಮಾಡುತ್ತದೆ.

ಈಗಾಗಲೇ ಅಂಥ ದಾರ ತಂದಿದ್ದರೆ ಕಚ್ಚಾ ಹೊಲಿಗೆಗೆ ಬಳಸಿ, ಅದನ್ನು ಹೇಗೂ ಕಿತ್ತು ಹಾಕುತ್ತೇವಲ್ಲ. ಉಳಿದದ್ದನ್ನು ಸಣ್ಣಗೆ ಕತ್ತರಿಸಿಯೇ ಕಸಕ್ಕೆ ಹಾಕಿ. ಉದ್ದ ದಾರ ಹಾಗೇ ಬಿಸಾಡಿದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.