ಮರುಭೂಮಿಯ ಬಿಸಿಲಿಗೆ ದೋಣಿಯ ಬಣ್ಣ: ಬಂದರಿನ ಪೇಂಟ್ ಅಂಗಡಿಯ ಸಲಹೆ

ದುಬೈಯಲ್ಲಿರುವ ನಮ್ಮ ಭಾವ ಅಲ್ಲಿ ಕೊಂಡಿರುವ ಹಳೆಯ ಫೈಬರ್ ದೋಣಿಗೆ ಯಾವ ಬಣ್ಣ ಸೂಕ್ತವೆಂದು ವಿಚಾರಿಸಲು ಮಂಗಳೂರಿನ ಬಂದರು ಪ್ರದೇಶದ ಪೇಂಟ್ ಅಂಗಡಿಯೊಂದಕ್ಕೆ ಹೋಗಿದ್ದೆ. ಭಾವನವರ ಆಯ್ಕೆ ಕಡುನೀಲಿಯಾಗಿತ್ತು. ಅಂಗಡಿಯವರು ಮಾರಾಟದ ಆತುರ ತೋರದೆ, ಬೇಸಿಗೆಯಲ್ಲಿ ಗಾಳಿಯ ಉಷ್ಣಾಂಶವೇ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಆ ತೀರದಲ್ಲಿ ಕಡುಬಣ್ಣದ ಮೇಲ್ಮೈ 70 ಡಿಗ್ರಿಯನ್ನೂ ಮೀರಿ ಕಾಯಬಹುದೆಂದೂ, ಆ ಶಾಖಕ್ಕೆ ಫೈಬರ್ ದೋಣಿಯ ನಾರನ್ನು ಹಿಡಿದಿಡುವ ಸಾಮಾನ್ಯ ಪಾಲಿಯೆಸ್ಟರ್ ರಾಳ ಮೆದುವಾಗಿ ಒಳಗಿನ ಗಾಜಿನ ನಾರಿನ ನೇಯ್ಗೆ ಹೊರಗೆ ಎದ್ದು ಕಾಣತೊಡಗುವುದೆಂದೂ ವಿವರಿಸಿದರು. ಕಡುಬಣ್ಣ ಮಾಸಿದರೆ ಬೇಗ ಕಣ್ಣಿಗೆ ಬೀಳುತ್ತದೆ ಎಂಬುದು ಬೇರೆ ಮಾತು. ಮಲ್ಪೆಯ ದೋಣಿಗಳ ಗಾಢ ವರ್ಣಗಳನ್ನು ಕಂಡು ಬೆಳೆದವರಿಗೆ ಬಿಳಿ ಸಪ್ಪೆಯೆನಿಸಬಹುದು. ಆದರೂ ಹೊರಮೈಗೆ ಬಿಳಿಯೇ ಸರಿಯೆಂಬ ಅಂಗಡಿಯವರ ವಾದವನ್ನು ನಾನು ಒಪ್ಪುತ್ತೇನೆ. ಡೆಕ್ಕಿಗೆ ಮಾತ್ರ ಅಪ್ಪಟ ಬಿಳಿ ಕಣ್ಣು ಕುಕ್ಕುವುದರಿಂದ ಕೆನೆಬಣ್ಣವನ್ನು ಸೂಚಿಸಿದರು. ಎಪಾಕ್ಸಿ ಎಂಬ ರಾಳದ ಬಣ್ಣ ಬಿಸಿಲಿಗೆ ಪುಡಿಯೇಳುವುದರಿಂದ ಅದನ್ನು ಪ್ರೈಮರ್ (ಅಡಿಲೇಪ) ಆಗಿ ಮಾತ್ರ ಬಳಸಿ, ಮೇಲೆ ಪಾಲಿಯುರೆಥೇನ್ ಬಣ್ಣ ಬಳಿಯಬೇಕೆಂಬ ಸಲಹೆಯೂ ಉಪಯುಕ್ತವಾಗಿತ್ತು. ಬಣ್ಣದ ಚೀಟಿಗಳು ತೀರಾ ಚಿಕ್ಕವು, ಅವನ್ನು ಟ್ಯೂಬ್‌ಲೈಟಿನ ಕೆಳಗೇ ತೋರಿಸುತ್ತಾರೆ. ಹಾಗಾಗಿ ಹೊರಗೆ ಬಿಸಿಲಿಗೆ ಹಿಡಿದು ನೋಡಿದ ಬಳಿಕವೇ ಆರಿಸುವುದು ಒಳ್ಳೆಯದು.