ಮೃಗಶಿರ ಮಳೆಗೆ ಕಟ್ಟಿ, ಅಡಿಕೆ ಕೊಯ್ಲಿಗೆ ಬಿಡಿ: ನಮ್ಮನೆಯ ಒಟಿಟಿ ಚಂದಾ

ವರ್ಷದ ಪ್ಲಾನ್ ತಗೊಳ್ಳಬೇಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಯಲ್ಲಿರುವವರಿಗೆ ನಾನು ಮೊದಲು ಹೇಳೋದು ಇದನ್ನೇ. 2020ರ ಲಾಕ್‌ಡೌನ್‌ನಲ್ಲಿ ಹಿಡಿದ ಒಟಿಟಿ ಚಟ ಇನ್ನೂ ಬಿಟ್ಟಿಲ್ಲ. ನಡುವೆ ಚಂದಾ ನಿಲ್ಲಿಸಿದ್ದೂ ಉಂಟು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿದ್ದೂ ಉಂಟು. ಹೆಸರು ಹಾಕೋದಿಲ್ಲ, ಯಾಕಂದರೆ ಗುಣದಲ್ಲೂ ಅವಗುಣದಲ್ಲೂ ಎಲ್ಲ ಆ್ಯಪ್‌ಗಳು ಅಣ್ಣತಮ್ಮಂದಿರೇ.

ಮನೆಯಲ್ಲಿ ನೋಡುವವರು ಅಪ್ಪಯ್ಯ, ಅಮ್ಮ, ನಾನು, ನನ್ನ ಹೆಂಡತಿ, ಪಿಯುಸಿ ಓದುವ ಮಗಳು. ಟಿವಿ ಒಂದೇ. ಸಿನಿಮಾ ಪಂಡಿತರು ಯಾರೂ ಇಲ್ಲ. ಊಟದ ಹೊತ್ತಿಗೆ ಹಾಕುತ್ತೇವೆ, ನಿದ್ದೆ ಬಂದವರು ಎದ್ದು ಹೋಗುತ್ತಾರೆ. ಕೊನೆವರೆಗೆ ಎಷ್ಟು ಜನ ಕೂತಿದ್ದರು ಅನ್ನೋದೇ ನಮ್ಮಲ್ಲಿ ಸ್ಟಾರ್ ರೇಟಿಂಗ್.

ಮಲೆನಾಡಿನಲ್ಲಿ ಟಿವಿ ನೋಡುವ ಕಾಲ ಅಂದರೆ ಮಳೆಗಾಲ, ಟಿವಿ ಕೈಕೊಡುವ ಕಾಲವೂ ಮಳೆಗಾಲವೇ. ಮಾಡಿನ ಮೇಲಿನ ಡಿಶ್ ಜೋರು ಮಳೆ ಹಿಡಿದ ಕೂಡಲೇ ಸಿಗ್ನಲ್ ಇಲ್ಲ ಅಂತ ತೋರಿಸಿ ಸುಮ್ಮನಾಗುತ್ತದೆ. ಅದಕ್ಕೆ ಯಾವ ಕಂಪನಿಯನ್ನೂ ಬೈದು ಪ್ರಯೋಜನವಿಲ್ಲ. ಡಿಟಿಎಚ್‌ನವರು ಬಳಸುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೊ ಅಲೆಗಳನ್ನು, ದಪ್ಪ ಮಳೆಹನಿ ಅವನ್ನು ಹೀರಿಕೊಂಡು ಚದುರಿಸಿಬಿಡುತ್ತದೆ. ಬಯಲುಸೀಮೆಯಲ್ಲಿ ಹತ್ತು ನಿಮಿಷ ಹೋಗಿ ಬರುವ ಸಿಗ್ನಲ್ಲು ಆಗುಂಬೆ ಸುತ್ತಮುತ್ತ ಅರ್ಧ ದಿನ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಸಂಗತಿ, ಡಿಶ್ ಹಾಕಿಸುವಾಗ ಯಾರೂ ಹೇಳೋದಿಲ್ಲ: ಅದು ಮುಖ ಮಾಡಿರುವ ದಿಕ್ಕಿನಲ್ಲಿ ಎಳೆ ಅಡಿಕೆ ಮರ ಇದ್ದರೆ ಕೆಲವೇ ವರ್ಷಕ್ಕೆ ಅದರ ಸೋಗೆ ಅಡ್ಡ ಬರುತ್ತದೆ. ನಮ್ಮಲ್ಲಿ ಅಡಿಕೆ ಕೊಯ್ಯುವ ಕೊನೆಗಾರ ಮರ ಹತ್ತಿದ್ದಾಗ ಎರಡು ಸೋಗೆ ಎಳೆಸಿದ ಮೇಲೇ ಚಿತ್ರ ನಿಂತಿದ್ದು.

ಫೈಬರ್ ಬಂದ ಮೇಲೆ ಒಟಿಟಿ ನೆಟ್ಟಗಾಯ್ತು ಅಂದುಕೊಂಡೆವು. ಆಗಿದ್ದೂ ಹೌದು. ಮಳೆ ಎಷ್ಟೇ ಹೊಡೆಯಲಿ, ಗಾಜಿನ ಎಳೆಯೊಳಗಿನ ಬೆಳಕಿಗೆ ಅದರ ಲೆಕ್ಕವಿಲ್ಲ. ಆದರೆ ಆ ಕೇಬಲ್ಲು ಬರೋದು ಕಾಡಿನ ನಡುವಿನ ಕಂಬಗಳ ಮೇಲೆ. ಒಂದು ಕೊಂಬೆ ಮುರಿದು ಬಿದ್ದರೆ ಲೈನಿನ ಹುಡುಗರು ಬರೋತನಕ ಕಾಯಬೇಕು. ಕರೆಂಟಿನ ಕಥೆ ನಿಮಗೂ ಗೊತ್ತು. ಯುಪಿಎಸ್ ಇದ್ದರೆ ಮೋಡೆಮ್ಮನ್ನೂ ಅದಕ್ಕೇ ಸೇರಿಸಿ, ಬರೀ ಟಿವಿಯನ್ನಲ್ಲ. ಗುಡುಗಿನ ದಿನ ಎರಡರ ಪ್ಲಗ್ಗನ್ನೂ ಕಿತ್ತಿಡಿ.

ಹಾಗಾಗಿ ಈ ಸೇವೆಯಲ್ಲಿ ನಾನು ನಿಜವಾಗಿ ದುಡ್ಡು ಕೊಡುವುದು ಡೌನ್‌ಲೋಡ್ ಗುಂಡಿಗೆ. ಕರೆಂಟು, ನೆಟ್ ಎರಡೂ ಇರುವ ಬೆಳಗಿನ ಹೊತ್ತಿನಲ್ಲಿ ಮಗಳ ಟ್ಯಾಬ್‌ಗೆ ಮೂರು ನಾಲ್ಕು ಸಿನಿಮಾ ಇಳಿಸಿಟ್ಟುಕೊಳ್ಳುತ್ತೇವೆ. ಸಾಧಾರಣ ಗುಣಮಟ್ಟ ಸಾಕು. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ತಿನ್ನುತ್ತದೆ, ಟ್ಯಾಬ್‌ನ ಪರದೆಗೆ ಅಷ್ಟು ಬೇಡ. ರಾತ್ರಿ ಕರೆಂಟು ಹೋದ ಮೇಲೆ ಊಟದ ಮಣೆ ನಿಲ್ಲಿಸಿ, ಅದಕ್ಕೆ ಟ್ಯಾಬ್ ಒರಗಿಸಿ, ಸಣ್ಣ ಬ್ಲೂಟೂತ್ ಸ್ಪೀಕರ್ ಪಕ್ಕದಲ್ಲಿಟ್ಟರೆ ಐದು ಜನಕ್ಕೆ ಟಾಕೀಸು. ಒಂದು ಕಿರಿಕಿರಿ ಇದೆ. ಇಳಿಸಿಟ್ಟದ್ದಕ್ಕೂ ಅವಧಿ ಉಂಟು. ಕೆಲವನ್ನು ಒಮ್ಮೆ ಶುರುಮಾಡಿದರೆ ಎರಡು ದಿನದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಮತ್ತೆ ನೆಟ್ ಕೇಳುತ್ತದೆ. ಜುಲೈನ ಪುನರ್ವಸು ಮಳೆಯಲ್ಲಿ ನೆಟ್ ಎಲ್ಲಿಂದ ತರೋದು ಮಾರಾಯ್ರೆ!

ಹಾಗೆ ನೋಡಿದವುಗಳಲ್ಲಿ ಐದೂ ಜನ ಕೊನೆವರೆಗೆ ಕೂತಿದ್ದು ‘ಸು ಫ್ರಮ್ ಸೋ’ಗೆ. 2025ರ ಜುಲೈನಲ್ಲಿ ಟಾಕೀಸುಗಳು ತುಂಬಿ ತುಳುಕಿದಾಗ ನಮಗೆ ಹೋಗಲಾಗಿರಲಿಲ್ಲ. ಊರಿಗೆ ಊರೇ ಒಂದು ದೆವ್ವವನ್ನು ನಂಬಿಕೊಂಡು ಕೂರುವ ಕಥೆ. ಕರೆಂಟಿಲ್ಲದ ಮನೆಯಲ್ಲಿ ದೆವ್ವದ ಸಿನಿಮಾ ಬೇಡ ಅಂತ ಅಮ್ಮ ಮೊದಲೇ ತಕರಾರು ತೆಗೆದಿದ್ದರು. ರವಿಯಣ್ಣನ ಪಾತ್ರ ಬಂದ ಮೇಲೆ ಎಲೆಯಡಿಕೆ ಹಾಕಿಕೊಳ್ಳೋದನ್ನೂ ಮರೆತು ನಕ್ಕರು. ಅಂಥ ಒಬ್ಬ ರವಿಯಣ್ಣ ನಮ್ಮೂರಲ್ಲೂ ಇದ್ದಾನೆ, ಮದುವೆ ಮನೆ ಇರಲಿ, ಸಾವಿನ ಮನೆ ಇರಲಿ, ಮುಂದೆ ಅವನೇ.

‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂತಲ್ಲ, ಅದು ಮನೆಯನ್ನೂ ಎರಡು ಭಾಗ ಮಾಡಿತು. ಹೆಂಡತಿಗೂ ಮಗಳಿಗೂ ಮೊದಲನೆಯದ್ದು ಪ್ರಾಣ. ರುಕ್ಮಿಣಿ ವಸಂತ್ ಸುಮ್ಮನೆ ನಿಂತರೂ ಕಣ್ಣು ಮಾತಾಡುತ್ತದೆ ಅಂತ ಮಗಳು. ಅಪ್ಪಯ್ಯನದ್ದು ಬೇರೆಯೇ ಲೆಕ್ಕ: ‘ಸಾಹುಕಾರನ ಮಗ ಮಾಡಿದ್ದಕ್ಕೆ ಇವನ್ಯಾಕೆ ಜೈಲಿಗೆ ಹೋಗಬೇಕಿತ್ತು? ಬಾಯಿಮಾತಿನ ಕರಾರಿಗೆ ಯಾರಾದರೂ ಒಪ್ತಾರಾ?’ ಕೋರ್ಟು ಕಚೇರಿ ಅಲೆದವರ ಪ್ರಶ್ನೆ ಅದು, ನಿರ್ದೇಶಕರ ಹತ್ತಿರ ಉತ್ತರ ಇದ್ದಂತಿಲ್ಲ. ಎರಡನೇ ಭಾಗಕ್ಕೆ ಕೊನೆಗೆ ಉಳಿದವಳು ಮಗಳೊಬ್ಬಳೇ.

ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಮಾಡಿದ ‘ಡೇರ್‌ಡೆವಿಲ್ ಮುಸ್ತಾಫಾ’ ಬಗ್ಗೆ ಉದ್ದ ಬರೆಯುವುದಿಲ್ಲ. ನೋಡಿ. ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ನಗಿಸುತ್ತಲೇ ಹೇಳಬೇಕಾದ್ದನ್ನು ಹೇಳುತ್ತದೆ, ಭಾಷಣ ಬಿಗಿಯುವುದಿಲ್ಲ. ಇಂಥದ್ದು ಮನೆಯ ಜಗುಲಿಗೆ ಬಂತು ಅನ್ನೋ ಒಂದೇ ಕಾರಣಕ್ಕೆ ಆ ತಿಂಗಳ ಚಂದಾ ವಸೂಲಾಯ್ತು.

‘ಕಾಂತಾರ’ ಟಾಕೀಸಿನಲ್ಲೂ ನೋಡಿದ್ದೆವು, ಮನೆಯಲ್ಲೂ ನೋಡಿದೆವು. ಟಿವಿಯ ಸ್ಪೀಕರಿಗೆ ಅಜನೀಶ್ ಲೋಕನಾಥ್ ಸಂಗೀತ ಹೊರುವ ಶಕ್ತಿಯಿಲ್ಲ. ಕೊನೆಯ ಇಪ್ಪತ್ತು ನಿಮಿಷ ಮನೆಯಲ್ಲಿ ಪೇಲವ. ಆದರೆ ಟಾಕೀಸಿನಲ್ಲಿ ಗಮನಕ್ಕೆ ಬಾರದ್ದು ಮನೆಯಲ್ಲಿ ಬಂತು. ಅರಣ್ಯ ಇಲಾಖೆಯವರು ಗಡಿ ಗುರುತು ಮಾಡಲು ಬರುವ ಭಾಗದಲ್ಲಿ ಪಕ್ಕದ ಮನೆಯ ಮಾವ ರಿಮೋಟು ತೆಗೆದುಕೊಂಡು ಹಿಂದೆ ಓಡಿಸಿ ಮತ್ತೊಮ್ಮೆ ನೋಡಿದರು. ಸಾಗುವಳಿ ಮಾಡಿದ ಸರ್ಕಾರಿ ಜಾಗವನ್ನು ಸಕ್ರಮ ಮಾಡಿಕೊಡಿ ಅಂತ ಅವರು ಹಾಕಿದ ಬಗರ್ ಹುಕುಂ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ದೈವಕ್ಕಿಂತ ಆ ಸರ್ವೆಯೇ ಅವರಿಗೆ ಸಿನಿಮಾ.

ವೆಬ್ ಸರಣಿಗಳಲ್ಲಿ ಕನ್ನಡದ್ದು ಈಗೀಗ ಕಣ್ಣು ಬಿಡುತ್ತಿದೆ. 2025ರಲ್ಲಿ ಬಂದ ‘ಅಯ್ಯನ ಮನೆ’ ಚಿಕ್ಕಮಗಳೂರು ಕಡೆಯ ಹಳೇ ಮನೆಯೊಂದರ ಕಥೆ; ಸೊಸೆಯಂದಿರ ಸಾವು, ಕುಲದೇವರು, ಶಾಪ. ಕಂತುಗಳು ಚಿಕ್ಕವು, ಎರಡು ಕರೆಂಟ್ ಕಟ್ ನಡುವೆ ಒಂದು ಮುಗಿಯುತ್ತದೆ. ಖುಷಿ ರವಿ ಚೆನ್ನಾಗಿ ಮಾಡಿದ್ದಾರೆ. ಮಲೆನಾಡಿನ ದೊಡ್ಡಮನೆ ಅಂದಮೇಲೆ ಒಳಗೊಂದು ಗುಟ್ಟು, ಒಂದು ಶಾಪ ಇರಲೇಬೇಕು ಅಂತ ಸಿನಿಮಾದವರಿಗೆ ಯಾರು ಹೇಳಿಕೊಟ್ಟರೋ! ನಮ್ಮ ದೊಡ್ಡಮನೆಗಳಲ್ಲಿ ಇರೋದು ಸೋರುವ ಮಾಡು ಮತ್ತು ಪಾಲಿನ ಕೇಸು.

ರಕ್ಷಿತ್ ಶೆಟ್ಟಿಯವರ ಬಳಗ ‘ಏಕಂ’ ಸರಣಿಯನ್ನು ಯಾವ ದೊಡ್ಡ ಒಟಿಟಿಯೂ ಕೊಳ್ಳದೆ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಟ್ಟರು. ಅಷ್ಟು ಹೆಸರಿರುವವರಿಗೇ ಹೀಗಾದರೆ ಉಳಿದವರ ಗತಿ ಏನು? ಆ್ಯಪ್ ತೆರೆದರೆ ಗೊತ್ತಾಗುತ್ತದೆ. ನಾವು ವರ್ಷಗಟ್ಟಲೆ ಕನ್ನಡವನ್ನೇ ನೋಡಿದರೂ ಮೊದಲ ಪರದೆಯಲ್ಲಿ ಬರುವುದು ಬೇರೆ ಭಾಷೆಯ ಹೊಡೆದಾಟ. ಕನ್ನಡದ ಸಾಲು ಬೆರಳಿಗೆ ನೋವು ಬರುವಷ್ಟು ಕೆಳಗೆ. ಕನ್ನಡ ಡಬ್ಬಿಂಗ್ ಸಿಗುತ್ತದೆ, ಅದರಿಂದ ಅಮ್ಮನಿಗೆ ಲಾಭವೂ ಆಗಿದೆ. ಆದರೆ ಅದರಲ್ಲಿ ಕಳ್ಳನೂ ಪೊಲೀಸನೂ ಪಠ್ಯಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ. ಧಾರಾವಾಹಿ ಬೇಕು ಅಂತ ಅಮ್ಮ ರಿಮೋಟಿನ ಮೈಕ್ ಹಿಡಿದು, ಫೋನಿನಲ್ಲಿ ಮಾತಾಡುವಂತೆ ಗಟ್ಟಿಯಾಗಿ, ‘ಪುಟ್ಟಕ್ಕನ ಮಕ್ಕಳು ಹಾಕಪ್ಪ’ ಅಂದರೆ ಅದು ಮಕ್ಕಳ ಕಾರ್ಟೂನುಗಳ ಪಟ್ಟಿ ತಂದಿಡುತ್ತದೆ. ಕನ್ನಡ ಅಕ್ಷರದಲ್ಲಿ ಟೈಪಿಸಿದರೆ ಕೆಲವು ಸಲ ಏನೂ ಇಲ್ಲ. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಬರುತ್ತದೆ.

ನನ್ನ ದೊಡ್ಡ ತಕರಾರು ಅಕ್ಷರಗಳದ್ದೇ. ಅಪ್ಪಯ್ಯನಿಗೆ ಕಿವಿ ಮಂದ. ದಿನಪತ್ರಿಕೆಯನ್ನು ತುದಿಯಿಂದ ತುದಿಗೆ ಓದುವ ಮನುಷ್ಯ, ಇಂಗ್ಲಿಷ್ ಬಾರದು. ನಾವು ನೋಡಿದ ಕನ್ನಡ ಸಿನಿಮಾಗಳಿಗೆ ಕೆಳಗೆ ಇಂಗ್ಲಿಷ್ ಅಡಿಬರಹ ಉಂಟು, ಕನ್ನಡದ್ದು ಇಲ್ಲ. ಕನ್ನಡ ಬಾರದವರಿಗೆ ಕನ್ನಡ ಸಿನಿಮಾ ಅರ್ಥವಾಗಲಿ ಅಂತ ಏರ್ಪಾಡಿದೆ, ಕಿವಿ ಕೇಳದ ಕನ್ನಡದವರಿಗೆ ಇಲ್ಲ. ಮಗಳು ಪಕ್ಕದಲ್ಲಿ ಕೂತು ಮುಖ್ಯವಾದ ಮಾತುಗಳನ್ನು ಅಜ್ಜನ ಕಿವಿಗೆ ಹೇಳುತ್ತಾಳೆ. ಒಮ್ಮೊಮ್ಮೆ ಅವಳಿಗೆ ಬೇಡದ ಮಾತನ್ನು ಬದಲಾಯಿಸಿಯೂ ಹೇಳುತ್ತಾಳೆ ಅಂತ ನನಗೆ ಅನುಮಾನ. ಗ್ರಾಹಕ ಸೇವೆಗೆ ಬರೆದೆ, ನಿಮ್ಮ ಸಲಹೆಯನ್ನು ತಲುಪಿಸಿದ್ದೇವೆ ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು.

ಇನ್ನು ಹಳೆಯ ಸಿನಿಮಾ. ಗಿರೀಶ್ ಕಾಸರವಳ್ಳಿಯವರು ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನವರು. ಅವರ 1977ರ ‘ಘಟಶ್ರಾದ್ಧ’ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವೆನಿಸಿಗೆ ಹೋದದ್ದು ನಾನು ದುಡ್ಡು ಕಟ್ಟಿದ ಆ್ಯಪ್‌ಗೆ ಬಂದಿರಲಿಲ್ಲ. ಅವರದ್ದೇ ‘ದ್ವೀಪ’ವನ್ನೂ ನಾವು ಕೊನೆಗೆ ನೋಡಿದ್ದು ಪುಕ್ಕಟೆ ಯೂಟ್ಯೂಬಿನಲ್ಲಿ.

ಅಮ್ಮನ ತವರಿನವರು ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಎದ್ದು ಬಂದ ಮನೆಗಳಲ್ಲಿ ಅವರದ್ದೂ ಒಂದು. ಸಾಗರದ ನಾ. ಡಿಸೋಜ ಅವರ ಕಾದಂಬರಿಯಿಂದ ಮಾಡಿದ ‘ದ್ವೀಪ’ದಲ್ಲಿ ಅಣೆಕಟ್ಟಿನ ನೀರು ಏರುತ್ತಾ ಏರುತ್ತಾ ಒಂದು ಮನೆಯನ್ನು ಸುತ್ತುವರಿಯುತ್ತದೆ, ಒಳಗೆ ಗಣಪ, ಅವನ ಹೆಂಡತಿ ನಾಗಿ. ಹೊರಗೆ ನಮ್ಮ ಅಂಗಳದಲ್ಲೂ ಅದೇ ಮಳೆ ಸುರಿಯುತ್ತಿತ್ತು, ಸಿನಿಮಾದ ಸದ್ದು ಯಾವುದು ಮಾಡಿನ ಸದ್ದು ಯಾವುದು ಅಂತ ತಿಳಿಯದ ಹಾಗೆ. ಸೌಂದರ್ಯ ಮಾಡಿದ ನಾಗಿಯನ್ನು ಅಮ್ಮ ರೆಪ್ಪೆ ಮಿಟುಕಿಸದೆ ನೋಡಿದರು. ಎಲ್ಲ ಮುಗಿದು, ಬದುಕಿ ಉಳಿದದ್ದಕ್ಕೆ ಗಣಪ ದೇವರನ್ನು ನೆನೆಯುವಾಗ ಅವರಿಗೆ ತಡೆಯಲಾಗಲಿಲ್ಲ. ‘ಒದ್ದಾಡಿದ್ದು ಅವಳು, ಇವ ಕೈ ಮುಗಿಯೋದು ದೇವರಿಗೆ. ನಮ್ಮ ಅಪ್ಪಯ್ಯನೂ ಹೀಂಗೇ ಮಾಡಿದ್ದು.’ ಅಜ್ಜಿ ಪಾತ್ರೆ ಪಗಡ ಕಟ್ಟಿ ಗಾಡಿಗೆ ಹೇರಿದ ಸಂಗತಿಯನ್ನು ಅವತ್ತೇ ನಾವು ಮೊದಲು ಕೇಳಿದ್ದು. ಈ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದಿದೆ ಅಂತ ಆಮೇಲೆ ಹೇಳಿದೆ. ಅಮ್ಮ ‘ಬರಲಿ’ ಅಂದರು.

ಅಡಿಕೆ ಕೊಯ್ಲು ಶುರುವಾದ ಮೇಲೆ ಇದೆಲ್ಲ ನಡೆಯೋದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ಎಲ್ಲರೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮೇಲೆ. ಕೈಯಲ್ಲಿ ಹಸಿ ಅಡಿಕೆ, ಕಣ್ಣು ಕತ್ತಿಯ ಮೇಲೆ, ತಪ್ಪಿದರೆ ಬೆರಳು. ಆಗ ಬೇಕಾಗಿರೋದು ಕೇಳುವ ಸರಕು. ಮೌನದಲ್ಲೇ ಕಥೆ ಹೇಳುವ ಸಿನಿಮಾ ಸುಲಿಯುವ ಚಪ್ಪರದಲ್ಲಿ ಪೂರ್ತಿ ಫ್ಲಾಪ್. ಧಾರಾವಾಹಿ ನಡೆಯುತ್ತದೆ. ಒಂದೇ ವಿಷಯವನ್ನು ಮೂರು ಸಲ ಹೇಳುತ್ತಾರೆ, ಮೂರು ಮುಖಕ್ಕೆ ಮೂರು ಸಲ ಗುಡುಗು ಬರುತ್ತದೆ, ತಲೆ ಎತ್ತದಿದ್ದರೂ ಯಾರು ಯಾರಿಗೆ ಬೈದರು ಅಂತ ತಿಳಿಯುತ್ತದೆ. ಬಿಗ್ ಬಾಸ್ ಕೂಡ ಹಾಗೆಯೇ, ಕಣ್ಣು ಮುಚ್ಚಿ ಕೇಳಿದರೂ ಜಗಳ ಜಗಳವೇ. ಎಲ್ಲಕ್ಕಿಂತ ಒಳ್ಳೆಯದು ಯಕ್ಷಗಾನದ ತಾಳಮದ್ದಲೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರೋದೆಲ್ಲ ಮಾತು. ಕರ್ಣನೂ ಶಲ್ಯನೂ ವಾದಕ್ಕೆ ಬಿದ್ದರೆ ಎರಡು ಗಂಟೆ ಹೋದದ್ದೇ ತಿಳಿಯೋದಿಲ್ಲ, ಸುಲಿಯುವವರೂ ಪಕ್ಷ ಕಟ್ಟುತ್ತಾರೆ. ಯೂಟ್ಯೂಬಿನಲ್ಲಿ ರಾಶಿ ಬಿದ್ದಿದೆ, ಪುಕ್ಕಟೆ. ಚಂದನ ವಾಹಿನಿ ಸಾಕು ಅನ್ನುವವರಿಗೆ ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ. ಈ ನಾಲ್ಕು ತಿಂಗಳು ಒಟಿಟಿಗೆ ಕಟ್ಟುವುದು ನೀರಲ್ಲಿ ಹೋಮ.

ನಾನು ಮಾಡುವುದು ಇಷ್ಟು. ಜೂನಿನಲ್ಲಿ ಮೃಗಶಿರ ಹಿಡಿದ ಮೇಲೆ ತಿಂಗಳ ಪ್ಲಾನ್ ಕಟ್ಟುತ್ತೇನೆ, ಆಗಸ್ಟಿನ ಮಘೆ ಮಳೆವರೆಗೆ ಮುಂದುವರಿಸಿ ನಿಲ್ಲಿಸುತ್ತೇನೆ. ದಸರಾ ರಜೆಗೆ ಮಗಳು ಹಟ ಮಾಡಿದರೆ ಇನ್ನೊಂದು ತಿಂಗಳು. ವರ್ಷದ ಪ್ಲಾನ್ ತಿಂಗಳ ಲೆಕ್ಕಕ್ಕೆ ಅಗ್ಗ ಕಾಣುತ್ತದೆ, ನೋಡದ ತಿಂಗಳು ಕಳೆದರೆ ಅಲ್ಲ. ಜಾಹೀರಾತು ಇರುವ ಅಗ್ಗದ ಪ್ಲಾನ್ ಹಳ್ಳಿಯ ನೆಟ್‌ಗೆ ಬೇಡ: ಜಾಹೀರಾತು ಚಕಚಕ ಓಡುತ್ತದೆ, ಅದು ಮುಗಿದ ಮೇಲೆ ಸಿನಿಮಾ ಗಿರಗಿರ ತಿರುಗುತ್ತ ಕೂರುತ್ತದೆ. ಡೌನ್‌ಲೋಡ್ ಯಾವ ಪ್ಲಾನ್‌ನಲ್ಲಿ ಉಂಟು ಅಂತ ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ, ಕೆಲವು ಅಗ್ಗದವುಗಳಲ್ಲಿ ಅದನ್ನೇ ಕಿತ್ತಿರುತ್ತಾರೆ.

ನಿಲ್ಲಿಸುವಾಗ ಆ್ಯಪ್ ಅಳಿಸಿದರೆ ಸಾಲದು. ಯುಪಿಐನಲ್ಲಿ ಆಟೋಪೇ ಅನ್ನುವ ಜಾಗಕ್ಕೆ ಹೋಗಿ ಅಲ್ಲಿಯೇ ರದ್ದು ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ದುಡ್ಡು ಕಡಿತವಾಗುವ 24 ಗಂಟೆ ಮೊದಲು ತಿಳಿಸಬೇಕು, ಆ ಮೆಸೇಜು ಬರುತ್ತದೆ ಕೂಡ. ಆದರೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ಮೆಸೇಜು ಸಿಗುವಷ್ಟರಲ್ಲಿ ದುಡ್ಡು ಹೋಗಿರುತ್ತದೆ. ಹಾಗಾಗಿ ಕಟ್ಟಿದ ದಿನವೇ ಆಟೋಪೇ ರದ್ದು ಮಾಡಿಬಿಡಿ. ನಾವು ಬಳಸಿದ ಆ್ಯಪ್‌ಗಳಲ್ಲಿ ಆಮೇಲೂ ತಿಂಗಳು ಪೂರ್ತಿ ನೋಡಲಿಕ್ಕೆ ಬಿಟ್ಟಿದ್ದಾರೆ.